ಹುಡುಗರನ್ನು ಮೈದಾನಕ್ಕೆ ಕಳುಹಿಸಿ ನಡೆಸುವ ಜಾಗೃತಿ ಕಾರ್ಯಕ್ರಮ ಸಾಲದು

ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಹೆಣ್ಣುಮಕ್ಕಳ ಸುರಕ್ಷತೆಯ ಕುರಿತು ಜಾಗೃತಿ ಕಾರ್ಯಕ್ರಮ ನಡೆಯುತ್ತದೆ. ವೇದಿಕೆಯ ಮೇಲೆ ಪೊಲೀಸ್ ಠಾಣೆಯಿಂದ ಬಂದ ಅಧಿಕಾರಿ, ಇಲಾಖೆಯ ಪ್ರತಿನಿಧಿ, ಒಬ್ಬ ವಕೀಲರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಇರುತ್ತಾರೆ. ಎದುರಿಗೆ ಜಮಖಾನದ ಮೇಲೆ ಎಂಟರಿಂದ ಹತ್ತನೇ ತರಗತಿಯವರೆಗಿನ ಹುಡುಗಿಯರು ಸಾಲಾಗಿ ಕುಳಿತಿರುತ್ತಾರೆ. ಪ್ರಾರ್ಥನೆ, ಸ್ವಾಗತ, ಸಸಿಗೆ ನೀರೆರೆಯುವ ಉದ್ಘಾಟನೆ ಎಲ್ಲವೂ ಮುಗಿದ ಮೇಲೆ ಉಪದೇಶ ಆರಂಭವಾಗುತ್ತದೆ. ಒಬ್ಬೊಬ್ಬರೇ ಓಡಾಡಬೇಡಿ, ಮೊಬೈಲ್ ಹಿಡಿಯಬೇಡಿ, ಹುಡುಗರೊಂದಿಗೆ ಸಲುಗೆ ಬೇಡ, ಹೆತ್ತವರ ಮರ್ಯಾದೆ ನಿಮ್ಮ ಕೈಯಲ್ಲಿದೆ. ಈ ಹೊತ್ತಿನಲ್ಲಿ ಅದೇ ತರಗತಿಗಳ ಹುಡುಗರು ಎಲ್ಲಿರುತ್ತಾರೆ? ಅವರು ಗದ್ದಲ ಮಾಡುತ್ತಾರೆಂಬ ಕಾರಣಕ್ಕೆ ದೈಹಿಕ ಶಿಕ್ಷಕರು ಅವರನ್ನು ಮೈದಾನಕ್ಕೆ ಕರೆದೊಯ್ದಿರುತ್ತಾರೆ. ಹಿಂಸೆಯನ್ನು ತಡೆಯುವ ಪೂರ್ಣ ಹೊಣೆಯನ್ನು ಅದಕ್ಕೆ ಗುರಿಯಾಗುವವರ ಹೆಗಲಿಗೇರಿಸಿ, ಹಿಂಸೆ ಮಾಡುವುದನ್ನು ಮುಂದೆ ಕಲಿಯಬಹುದಾದವರನ್ನು ಆಟಕ್ಕೆ ಕಳುಹಿಸುವ ಈ ವ್ಯವಸ್ಥೆ ಬದಲಾಗಬೇಕು ಎಂಬುದು, ಸರ್ಕಾರಿ ಪ್ರೌಢಶಾಲೆಗಳಲ್ಲಿ ಹದಿಹರೆಯದವರೊಂದಿಗೆ ಲಿಂಗ ಸಮಾನತೆಯ ಕಾರ್ಯಾಗಾರಗಳನ್ನು ನಡೆಸುವ ನನ್ನ ದೃಢವಾದ ಅಭಿಪ್ರಾಯ.

ಇದು ನಮ್ಮ ರಾಜ್ಯಕ್ಕೆ ಎಷ್ಟು ತುರ್ತಿನ ವಿಷಯ ಎಂಬುದನ್ನು 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ವಿವಾಹಿತ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದವರ ಪ್ರಮಾಣ ಕರ್ನಾಟಕದಲ್ಲಿ ಶೇ. 44.4. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 20.6 ಇತ್ತು. ಹೇಳಿಕೊಳ್ಳುವ ಧೈರ್ಯ ಹೆಚ್ಚಿರುವುದೂ ಈ ಏರಿಕೆಗೆ ಒಂದು ಕಾರಣವಿರಬಹುದೆಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು, ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆಗೆ ಬಂದ ಉತ್ತರವನ್ನು ನೋಡದಿದ್ದರೆ. ಹೇಳದೆ ಮನೆಯಿಂದ ಹೊರಗೆ ಹೋದರೆ, ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ, ಎದುರು ಮಾತನಾಡಿದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಅತ್ತೆ ಮಾವಂದಿರಿಗೆ ಗೌರವ ಕೊಡದಿದ್ದರೆ, ಹೀಗೆ ಏಳು ಸಂದರ್ಭಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿಯೇ ಎಂದು ಕೇಳಲಾಗಿತ್ತು. ಕರ್ನಾಟಕದಲ್ಲಿ ಸರಿ ಎಂದವರು ಪುರುಷರಲ್ಲಿ ಶೇ. 81.9, ಮಹಿಳೆಯರಲ್ಲಿ ಶೇ. 76.9. ಐವರು ಗಂಡಸರಲ್ಲಿ ನಾಲ್ವರು, ನಾಲ್ವರು ಹೆಂಗಸರಲ್ಲಿ ಮೂವರು. ಎಂಟನೇ ತರಗತಿಯ ಕೋಣೆಗೆ ಕಾಲಿಡುವಾಗ ನಾನು ಮರೆಯದ ಅಂಕಿಗಳಿವು, ಏಕೆಂದರೆ ಅಲ್ಲಿ ಕುಳಿತ ಮಕ್ಕಳು ಈ ಗಂಡಸರ ಮತ್ತು ಹೆಂಗಸರ ಮನೆಗಳಿಂದಲೇ ಬಂದಿರುತ್ತಾರೆ. ಹೊಡೆತವನ್ನು ಅವರು ಅಪರಾಧವೆಂದು ನೋಡಿರುವುದಿಲ್ಲ; ಬುದ್ಧಿ ಕಲಿಸುವ ಕ್ರಮವೆಂದು ನೋಡಿರುತ್ತಾರೆ.

ಶಾಲೆಯ ನಾಲ್ಕು ಗೋಡೆಗಳೊಳಗೆ ಇಷ್ಟು ಹಳೆಯ ನಂಬಿಕೆಯನ್ನು ಅಲುಗಿಸಲು ಸಾಧ್ಯವೇ ಎಂದು ಶಿಕ್ಷಕರ ತರಬೇತಿಗಳಲ್ಲಿ ನನ್ನನ್ನು ಬಹಳ ಜನ ಕೇಳುತ್ತಾರೆ. ಅವರಿಗೆ ನಾನು ಹರಿಯಾಣದ ಪ್ರಯೋಗವನ್ನು ವಿವರಿಸುತ್ತೇನೆ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಕೇವಲ 834 ಹೆಣ್ಣುಮಕ್ಕಳಿದ್ದ, ಅಂದರೆ ಹೆಣ್ಣು ಹುಟ್ಟುವುದನ್ನೇ ತಡೆಯುತ್ತಿದ್ದ ರಾಜ್ಯ ಅದು. ಅಲ್ಲಿನ ಸೋನಿಪತ್, ಪಾಣಿಪತ್, ರೋಹತಕ್ ಮತ್ತು ಝಜ್ಜರ್ ಜಿಲ್ಲೆಗಳ 314 ಸರ್ಕಾರಿ ಶಾಲೆಗಳನ್ನು ಅಧ್ಯಯನಕ್ಕೆ ಆರಿಸಿ, ಚೀಟಿ ಎತ್ತುವ ಕ್ರಮದಲ್ಲಿ 150 ಶಾಲೆಗಳಲ್ಲಿ ಮಾತ್ರ ಬ್ರೇಕ್‌ಥ್ರೂ ಎಂಬ ಸಂಸ್ಥೆ ತನ್ನ ಕಾರ್ಯಕ್ರಮವನ್ನು ನಡೆಸಿತು. 2014ರಿಂದ 2016ರವರೆಗೆ, ಸುಮಾರು ಎರಡೂವರೆ ವರ್ಷ, 45 ನಿಮಿಷಗಳ 27 ತರಗತಿಗಳು, ಹುಡುಗರು ಮತ್ತು ಹುಡುಗಿಯರು ಇಬ್ಬರಿಗೂ. ಸುಮಾರು 14,000 ವಿದ್ಯಾರ್ಥಿಗಳನ್ನು ಅರ್ಥಶಾಸ್ತ್ರಜ್ಞರ ತಂಡವೊಂದು ಮೊದಲೂ ನಂತರವೂ ಭೇಟಿಯಾಗಿ ಅಳೆದ ಫಲಿತಾಂಶ ಹೀಗಿತ್ತು: ಹೆಣ್ಣಿನ ಬಗೆಗಿನ ಪ್ರತಿಗಾಮಿ ಧೋರಣೆಗಳಲ್ಲಿ ಶೇ. 16ರಷ್ಟು ಸಮಾನತೆಯ ಕಡೆಗೆ ತಿರುಗಿದ್ದವು, ಮತ್ತು ಕಾರ್ಯಕ್ರಮ ಮುಗಿದು ಎರಡು ವರ್ಷಗಳಾದ ಮೇಲೂ ಆ ಬದಲಾವಣೆ ಉಳಿದಿತ್ತು. ಶೇ. 16 ಎಂಬುದು ಕೇಳುವವರಿಗೆ ಅಲ್ಪವೆನಿಸಬಹುದು. ಮನೆ, ಬೀದಿ, ಸಿನಿಮಾ, ಮೊಬೈಲ್ ಎಲ್ಲವೂ ಒಂದೇ ಪಾಠವನ್ನು ಹಗಲಿರುಳು ಹೇಳುತ್ತಿರುವಾಗ, ಒಟ್ಟು ಇಪ್ಪತ್ತು ಗಂಟೆಗಳಷ್ಟು ತರಗತಿ ಇಷ್ಟನ್ನು ಬದಲಿಸಿತು ಎಂಬುದು ನನಗೆ ದೊಡ್ಡ ಭರವಸೆಯ ಸಂಗತಿ.

ಆ ಅಧ್ಯಯನದಲ್ಲಿ ನಾನು ಬಹಳ ಯೋಚಿಸಿದ ಭಾಗ ಇನ್ನೊಂದಿದೆ. ಧೋರಣೆ ಹುಡುಗರಲ್ಲೂ ಹುಡುಗಿಯರಲ್ಲೂ ಬದಲಾಯಿತು. ಆದರೆ ನಡವಳಿಕೆಯ ಬದಲಾವಣೆ ಹೆಚ್ಚಾಗಿ ಕಂಡದ್ದು ಹುಡುಗರಲ್ಲಿ. ಅವರು ಮನೆಗೆಲಸದಲ್ಲಿ ಮೊದಲಿಗಿಂತ ಹೆಚ್ಚು ಕೈಜೋಡಿಸತೊಡಗಿದರು. ಇದರ ಕಾರಣ ಹಳ್ಳಿಯ ಜೀವನವನ್ನು ಕಂಡವರಿಗೆ ಕೂಡಲೇ ಹೊಳೆಯುತ್ತದೆ. ಹದಿನಾಲ್ಕರ ಹುಡುಗ ಇಂದಿನಿಂದ ನನ್ನ ತಟ್ಟೆಯನ್ನು ನಾನೇ ತೊಳೆಯುತ್ತೇನೆಂದು ನಿರ್ಧರಿಸಿದರೆ ಅವನನ್ನು ತಡೆಯುವವರಿಲ್ಲ. ತಾಯಿ ಮೊದಲು ನಕ್ಕು ಆಮೇಲೆ ಸುಮ್ಮನಾದಾಳು. ಅದೇ ವಯಸ್ಸಿನ ಹುಡುಗಿ ನಾನು ಪಿಯುಸಿಗೆ ತಾಲ್ಲೂಕಿನ ಊರಿಗೆ ಬಸ್ಸಿನಲ್ಲಿ ಹೋಗುತ್ತೇನೆಂದು ನಿರ್ಧರಿಸಿದರೆ, ಅದಕ್ಕೆ ಅಪ್ಪ, ಅಣ್ಣ, ದೊಡ್ಡಪ್ಪ, ಓಣಿಯ ಹಿರಿಯರು ಎಲ್ಲರೂ ಒಪ್ಪಬೇಕು. ಹುಡುಗಿಗೆ ಎಷ್ಟೇ ಆತ್ಮವಿಶ್ವಾಸ ತುಂಬಿದರೂ ಅವಳ ಸುತ್ತಲಿನ ಗಂಡಸರು ಬದಲಾಗದಿದ್ದರೆ ಆ ವಿಶ್ವಾಸ ಅವಳೊಳಗೇ ಉಳಿಯುತ್ತದೆ. ಆದ್ದರಿಂದ ಹುಡುಗರನ್ನು ಸೇರಿಸಿಕೊಳ್ಳಿ ಎಂದು ನಾನು ಕೇಳುವುದು ಅವರಿಗೊಂದು ಉಪಕಾರವೆಂದಲ್ಲ. ಹುಡುಗಿಯರ ಬಿಡುಗಡೆಗೆ ಅದು ಅಗತ್ಯವಾದ ಷರತ್ತು.

ಇನ್ನು ತರಗತಿಯ ಒಳಗಿನ ಕೆಲಸಕ್ಕೆ ಬರುತ್ತೇನೆ. ಮೊದಲ ಭೇಟಿಯಲ್ಲಿ ನಾನು ಹಿಂಸೆಯ ಮಾತನ್ನೇ ಎತ್ತುವುದಿಲ್ಲ. ಪ್ರತಿಯೊಬ್ಬರೂ ಒಂದು ಹಾಳೆಯ ಮೇಲೆ ಗಡಿಯಾರದಂತೆ ದೊಡ್ಡ ಸುತ್ತು ಬರೆದು, ತಮ್ಮ ಮನೆಯ ಒಬ್ಬ ಹೆಣ್ಣಿನ ಮತ್ತು ಒಬ್ಬ ಗಂಡಿನ ದಿನಚರಿಯನ್ನು ಗಂಟೆ ಗಂಟೆಗೂ ತುಂಬಬೇಕು. ಅವ್ವ ಎಷ್ಟು ಗಂಟೆಗೆ ಏಳುತ್ತಾಳೆ, ನೀರು ತುಂಬುವವರು ಯಾರು, ರೊಟ್ಟಿ ಬಡಿಯುವವರು ಯಾರು, ಹೊಲದ ಕೂಲಿಗೆ ಇಬ್ಬರೂ ಹೋಗಿ ಬಂದ ಮೇಲೆ ಕಟ್ಟೆಗೆ ಹೋಗಿ ಕೂರುವವರು ಯಾರು, ಒಲೆಯ ಮುಂದೆ ಕೂರುವವರು ಯಾರು. ಇದು ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ಚಟುವಟಿಕೆ, ನನ್ನ ಸ್ವಂತದ್ದಲ್ಲ. ಆದರೆ ಅದು ಪ್ರತಿ ಬಾರಿಯೂ ಕೆಲಸ ಮಾಡುತ್ತದೆ, ಏಕೆಂದರೆ ಯಾರೂ ಮಕ್ಕಳಿಗೆ ಏನನ್ನೂ ಹೇಳಬೇಕಾಗಿಲ್ಲ. ಅವರದೇ ಕೈಬರಹ ಅವರ ಮುಂದಿರುತ್ತದೆ. ಕೊನೆಗೆ 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ: ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವ ಹೆಣ್ಣುಮಕ್ಕಳು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಆ ಕೆಲಸ ಮಾಡುವ ಗಂಡಸರು 88 ನಿಮಿಷ. ಹುಡುಗಿಯರು ಈ ಅಂಕಿಗಳಿಂದ ಆಶ್ಚರ್ಯಪಡುವುದಿಲ್ಲ. ಹುಡುಗರು ಪಡುತ್ತಾರೆ, ಮತ್ತು ಅವರಲ್ಲಿ ಕೆಲವರು ತಮ್ಮ ಹಾಳೆಯನ್ನು ಎಣಿಸಿ ನೋಡಿ, ನಮ್ಮನೆಯಲ್ಲಿ ಇದಕ್ಕಿಂತ ಜಾಸ್ತಿ ಇದೆ ಎಂದು ತಾವಾಗಿಯೇ ಹೇಳುತ್ತಾರೆ.

ಕಾರ್ಯಾಗಾರದ ಅತಿ ಕಷ್ಟದ ಭಾಗ, ಮತ್ತು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಭಾಗ, ಬೇಡ ಎಂಬ ಉತ್ತರವನ್ನು ಸ್ವೀಕರಿಸುವ ಅಭ್ಯಾಸ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಬಹಳ ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆ ಇದು: “ಮೇಡಂ, ಬ್ಯಾಡ ಅಂದ್ರ ಖರೇನ ಬ್ಯಾಡ ಅಂತ ಹ್ಯಾಂಗ ತಿಳ್ಕೋಬೇಕ್ರಿ? ಸಿನಿಮಾದಾಗ ಮೊದ್ಲ ಬ್ಯಾಡ ಅಂತಾಳ, ಹಿಂದ ಹಿಂದ ಹೋದ್ರ ಆಮ್ಯಾಲೆ ಹೂಂ ಅಂತಾಳ.” ತರಗತಿ ನಕ್ಕಿತು, ಆದರೆ ಅವನು ತಮಾಷೆ ಮಾಡುತ್ತಿರಲಿಲ್ಲ. ಹೆಣ್ಣಿನ ನಿರಾಕರಣೆಯನ್ನು ದಾಟಬೇಕಾದ ಮೊದಲ ಮೆಟ್ಟಿಲೆಂದು ದಶಕಗಳಿಂದ ಬೆಳ್ಳಿತೆರೆಯ ನಾಯಕರು ಕಲಿಸಿದ್ದನ್ನು ಅವನು ನಂಬಿದ್ದ, ಅಷ್ಟೇ. ಆ ಪ್ರಶ್ನೆಗೆ ಬೈದು ಕೂರಿಸಿದ್ದರೆ ಅವನು ಮತ್ತೆಂದೂ ಕೇಳುತ್ತಿರಲಿಲ್ಲ.

ಇದಕ್ಕಾಗಿ ನಾವು ಮಾಡುವ ಅಭ್ಯಾಸ ಬಹಳ ಸರಳವಾದದ್ದು. ಇಬ್ಬಿಬ್ಬರ ಜೋಡಿಯಲ್ಲಿ, ಹುಡುಗರು ಹುಡುಗರೊಂದಿಗೆ, ಹುಡುಗಿಯರು ಹುಡುಗಿಯರೊಂದಿಗೆ, ಒಬ್ಬರು ಸೈಕಲ್ಲನ್ನೋ ಪೆನ್ನನ್ನೋ ಕೇಳಬೇಕು, ಇನ್ನೊಬ್ಬರು ಕೊಡುವುದಿಲ್ಲ ಎನ್ನಬೇಕು, ಕೇಳಿದವರು ಯಾಕೆ ಎನ್ನದೆ, ಮುಖ ಸಿಂಡರಿಸದೆ, ಆಯಿತು ಎಂದು ಹೇಳಿ ಮುಂದೆ ಹೋಗಬೇಕು. ಕೇಳಲು ಇಷ್ಟು ಸುಲಭವಾದದ್ದು ಮಾಡುವಾಗ ಬಹಳ ಹುಡುಗರಿಗೆ ಆಗುವುದಿಲ್ಲ. ಅವರು ಚೌಕಾಸಿ ಮಾಡುತ್ತಾರೆ, ದೋಸ್ತನನ್ನು ನಡುವೆ ತರುತ್ತಾರೆ, ಹಿಂದೆ ನಾನು ನಿನಗೆ ಕೊಟ್ಟಿರಲಿಲ್ಲವೇ ಎಂದು ಲೆಕ್ಕ ತೆಗೆಯುತ್ತಾರೆ, ನೋಡ್ಕೋತೀನಿ ಎನ್ನುತ್ತಾರೆ. ಆಮೇಲೆ ಇದೇ ನಡೆಗಳನ್ನು ಹಲಗೆಯ ಮೇಲೆ ಬರೆದು, ಒಂದು ಹುಡುಗಿ ಬೇಡ ಎಂದಾಗ ಹುಡುಗರು ಏನೇನು ಮಾಡುವುದನ್ನು ಕಂಡಿದ್ದೀರಿ ಎಂದು ಕೇಳಿದರೆ ಪಟ್ಟಿ ಬೆಳೆಯುತ್ತದೆ: ಬಸ್‌ಸ್ಟ್ಯಾಂಡಿನವರೆಗೆ ಹಿಂಬಾಲಿಸುವುದು, ಗೆಳತಿಯರ ಕೈಯಿಂದ ಹೇಳಿಸುವುದು, ಕೈ ಕೊಯ್ದುಕೊಂಡು ಫೋಟೊ ಕಳುಹಿಸುವುದು, ಹೆಸರನ್ನು ಗೋಡೆಯ ಮೇಲೆ ಬರೆಯುವುದು, ಫೋಟೊ ಹಂಚುತ್ತೇನೆಂದು ಹೆದರಿಸುವುದು. ಸ್ಪಷ್ಟವಾಗಿ ಇಷ್ಟವಿಲ್ಲವೆಂದು ಹೇಳಿದ ಹೆಣ್ಣನ್ನು ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು, ಅಂತರ್ಜಾಲದಲ್ಲಿ ಅವಳ ಮೇಲೆ ಕಣ್ಣಿಡುವುದು ಅಪರಾಧ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಇದನ್ನೇ ಹೇಳುತ್ತದೆ ಎಂದು ಆಗ ವಿವರಿಸುತ್ತೇನೆ. ಕಾನೂನನ್ನು ಮೊದಲೇ ಹೇಳಿದರೆ ಮಕ್ಕಳು ಹೆದರಿ ಸುಮ್ಮನಾಗುತ್ತಾರೆ. ತಮ್ಮ ಪಟ್ಟಿಯನ್ನು ತಾವೇ ಬರೆದ ಮೇಲೆ ಹೇಳಿದರೆ ಅರ್ಥವಾಗುತ್ತದೆ.

2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಒಂದು ತಿಂಗಳೂ ತುಂಬದ ಅಂತರದಲ್ಲಿ, ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆಯಾಯಿತು. ಎರಡೂ ಪ್ರಕರಣಗಳಲ್ಲಿ ಆರೋಪಿ ಪರಿಚಿತ ಯುವಕ. ಎರಡರಲ್ಲೂ ನಿರಾಕರಣೆಯೇ ಕಾರಣವೆಂಬ ಆರೋಪ. ಆ ವಾರಗಳಲ್ಲಿ ಸಾರ್ವಜನಿಕ ಚರ್ಚೆ ಬಹುಪಾಲು ಧರ್ಮದ ಸುತ್ತ, ಪಕ್ಷಗಳ ಸುತ್ತ, ಪೊಲೀಸರ ಲೋಪದ ಸುತ್ತ ನಡೆಯಿತು. ಒಬ್ಬ ಯುವಕನಿಗೆ ಬೇಡ ಎಂಬ ಮಾತು ಸಹಿಸಲಾರದ ಅವಮಾನವಾಗಿ ಏಕೆ ಕಾಣುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ತೀರ ಕಡಿಮೆ. ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದಾಗ ಮಕ್ಕಳು ಆ ಸುದ್ದಿಗಳನ್ನು ತಲೆಯಲ್ಲಿ ತುಂಬಿಕೊಂಡೇ ಬಂದಿದ್ದರು. ಹುಡುಗಿಯರಲ್ಲಿ ಕೆಲವರು, ಹಾಗಾದರೆ ಬೇಡ ಅಂತ ಹೇಳುವುದೇ ಅಪಾಯವಲ್ಲವೇ ಎಂದು ಕೇಳಿದರು. ಹುಡುಗಿಯರನ್ನು ಮಾತ್ರ ಕೂರಿಸಿಕೊಂಡು ನಡೆಸುವ ಯಾವ ಕಾರ್ಯಕ್ರಮದಲ್ಲೂ ಈ ಪ್ರಶ್ನೆಗೆ ಉತ್ತರವಿಲ್ಲ.

ಇಲ್ಲಿ ಆತ್ಮರಕ್ಷಣೆಯ ತರಬೇತಿಯ ಮಾತು ಬಂದೇ ಬರುತ್ತದೆ. ನಮ್ಮ ರಾಜ್ಯದಲ್ಲಿ ವಸತಿ ಶಾಲೆ, ಹಾಸ್ಟೆಲುಗಳ ಹೆಣ್ಣುಮಕ್ಕಳಿಗೆ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣಾ ಕಲೆಯನ್ನು ಕಲಿಸಲಾಗುತ್ತದೆ. ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಡಿ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲೂ ಇಂಥದೇ ತರಬೇತಿಯಿದೆ. ಮೈಯನ್ನು ಕುಗ್ಗಿಸಿಕೊಂಡು ನಡೆಯಲು ಕಲಿತ ಹುಡುಗಿ ಎದೆಯೆತ್ತಿ ಕೂಗಿ ಒದೆಯುವುದನ್ನು ಕಂಡಾಗ ನನಗೆ ಸಂತೋಷವಾಗುತ್ತದೆ, ಆ ತರಬೇತಿ ಇರಲೇಬೇಕು. ಆದರೆ ಮಕ್ಕಳಿಗೆ ಕಿರುಕುಳ ಕೊಡುವವರಲ್ಲಿ ಹೆಚ್ಚಿನವರು ಕತ್ತಲಲ್ಲಿ ಎದುರಾಗುವ ಅಪರಿಚಿತರಲ್ಲ, ಮನೆಗೆ ಬಂದು ಹೋಗುವ ಪರಿಚಿತರು. ಮಾವನೆಂದು ಕರೆಯುವವನನ್ನು, ಟ್ಯೂಷನ್ ಹೇಳುವವನನ್ನು ಒದೆಯುವುದು ಹೇಗೆಂದು ಕರಾಟೆ ಕಲಿಸುವುದಿಲ್ಲ. ಒದೆಯಲಾಗದೆ ಹೋದ ಹುಡುಗಿ ಆಮೇಲೆ ತಪ್ಪು ತನ್ನದೇ ಎಂದುಕೊಳ್ಳುವ ಅಪಾಯವೂ ಉಂಟು.

ಕಾರ್ಯಾಗಾರವೆಂದರೆ ಮಾತಾಡಿ ಎಂದು ಮಕ್ಕಳನ್ನು ಕರೆಯುವುದು. ಹಾಗೆ ಕರೆದ ಮೇಲೆ ಅವರು ಹೇಳುವುದನ್ನು ಹೊರಲು ಶಾಲೆ ಸಿದ್ಧವಾಗಿರಬೇಕು. ಬಾಗಿಲ ಬಳಿ ಇಡುವ ಪ್ರಶ್ನೆ ಪೆಟ್ಟಿಗೆಯಲ್ಲಿ ಮುಟ್ಟಿನ ಬಗ್ಗೆ, ಮೊಬೈಲಿನಲ್ಲಿ ಬಂದ ಚಿತ್ರಗಳ ಬಗ್ಗೆ, ತಮ್ಮ ದೇಹದ ಬಗ್ಗೆ ಚೀಟಿಗಳಿರುತ್ತವೆ. ನಡುವೆ ಎಂದಾದರೊಮ್ಮೆ, ಒಬ್ಬರು ನನ್ನನ್ನು ಮುಟ್ಟುತ್ತಾರೆ, ಯಾರಿಗೆ ಹೇಳಲಿ ಎಂಬ ಚೀಟಿಯೂ ಇರುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಶಿಕ್ಷೆಯಿದೆ, ಸಂಸ್ಥೆಯ ಮುಖ್ಯಸ್ಥರಿಗೆ ಇನ್ನೂ ಹೆಚ್ಚಿನ ಶಿಕ್ಷೆ. ಶಾಲೆಯ ಹೆಸರು ಕೆಡುತ್ತದೆ, ಹುಡುಗಿಯ ಮದುವೆಗೆ ತೊಂದರೆಯಾಗುತ್ತದೆ ಎಂದು ಒಳಗೊಳಗೇ ಮುಗಿಸಿಬಿಡುವ ಹಳೆಯ ರೂಢಿ ಕಾನೂನುಬಾಹಿರ ಎಂಬುದನ್ನು ಮುಖ್ಯ ಶಿಕ್ಷಕರೊಂದಿಗೆ ಮೊದಲ ದಿನವೇ ಮಾತನಾಡಿಕೊಳ್ಳುತ್ತೇನೆ. ಯಾರಿಗೂ ಹೇಳುವುದಿಲ್ಲ ಎಂದು ಮಕ್ಕಳಿಗೆ ನಾನು ಮಾತು ಕೊಡುವುದಿಲ್ಲ. ನಿನ್ನನ್ನು ಕಾಪಾಡಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ, ಪ್ರತಿ ಹೆಜ್ಜೆಯನ್ನೂ ನಿನಗೆ ತಿಳಿಸುತ್ತೇನೆ ಎನ್ನುತ್ತೇನೆ. 1098 ಎಂಬ ಮಕ್ಕಳ ಸಹಾಯವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸುವುದಷ್ಟೇ ಅಲ್ಲ, ಕರೆ ಮಾಡಿದರೆ ಏನೇನು ಕೇಳುತ್ತಾರೆ, ಮಕ್ಕಳ ಕಲ್ಯಾಣ ಸಮಿತಿ ಎಂದರೆ ಯಾರು ಎಂಬುದನ್ನು ತರಗತಿಯಲ್ಲಿ ನಟಿಸಿ ತೋರಿಸುತ್ತೇವೆ.

ಅದೇ ಪೋಕ್ಸೊ ಕಾಯ್ದೆ ಪರಸ್ಪರ ಮೆಚ್ಚಿದ ಹದಿನಾರು, ಹದಿನೇಳರ ಮಕ್ಕಳನ್ನೂ ತಟ್ಟುತ್ತದೆ, ಏಕೆಂದರೆ ಹದಿನೆಂಟರ ಒಳಗಿನವರ ಒಪ್ಪಿಗೆಗೆ ಅಲ್ಲಿ ಮಾನ್ಯತೆಯಿಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇಂಥದೊಂದು ಪ್ರಕರಣದಲ್ಲಿ, ವಯಸ್ಸಿನ ಮಾನದಂಡವನ್ನು ಕಾನೂನು ಆಯೋಗ ಮರುಚಿಂತಿಸಬೇಕೆಂದು ಹೇಳಿದ್ದಲ್ಲದೆ, ಒಂಬತ್ತನೇ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳಿಗೆ ಈ ಕಾಯ್ದೆಯ ಅರಿವು ಮೂಡಿಸುವ ಪಠ್ಯವನ್ನು ರೂಪಿಸುವಂತೆ ಶಿಕ್ಷಣ ಇಲಾಖೆಗೆ ನಿರ್ದೇಶನ ನೀಡಿತು. ಜೈಲಿನ ಭಯವನ್ನಷ್ಟೇ ಹೇಳಿ ಮುಗಿಸಿದರೆ ಅದು ಅರಿವಾಗುವುದಿಲ್ಲ. ಗೌರವ, ಒಪ್ಪಿಗೆ, ಕಾಯುವ ತಾಳ್ಮೆ ಇವುಗಳ ಜೊತೆಯಲ್ಲಿ ಹೇಳಿದರೆ ಮಾತ್ರ ಮಕ್ಕಳಿಗೆ ಅದು ತಮ್ಮ ಜೀವನದ ಮಾತಾಗುತ್ತದೆ.

ಶಾಲೆ ತನ್ನ ದಿನನಿತ್ಯದ ನಡೆಯಲ್ಲಿ ಕಲಿಸುವ ಪಾಠವೂ ಒಂದಿದೆ, ಮತ್ತು ಅದರ ಮುಂದೆ ನನ್ನ 45 ನಿಮಿಷಗಳು ಸೋಲುವುದುಂಟು. ಕೋಣೆಯ ಕಸ ಗುಡಿಸಿ ರಂಗೋಲಿ ಹಾಕುವವರು ಹುಡುಗಿಯರು, ಬೆಂಚು ಹೊರುವವರು ಹುಡುಗರು. ಅತಿಥಿಗಳು ಬಂದರೆ ಚಹಾದ ತಟ್ಟೆ ಹಿಡಿಯುವವಳು ಒಂಬತ್ತನೇ ತರಗತಿಯ ಜಾಣ ಹುಡುಗಿ. ತಂಟೆ ಮಾಡಿದ ಹುಡುಗನಿಗೆ ಹುಡುಗಿಯರ ನಡುವೆ ಕೂರುವ ಶಿಕ್ಷೆ. ಅತ್ತರೆ, ಕೈಗೆ ಬಳೆ ತೊಟ್ಟುಕೋ ಎಂಬ ಮಾತು. ಹೆಣ್ಣಿನ ಪಕ್ಕ ಕೂರುವುದೇ ಅವಮಾನವೆಂದು ಶಿಕ್ಷಕರೇ ಕಲಿಸಿದ ಮೇಲೆ ಹೆಣ್ಣಿನಿಂದ ಬೇಡ ಎನ್ನಿಸಿಕೊಳ್ಳುವುದು ಎಷ್ಟು ದೊಡ್ಡ ಅವಮಾನವಾಗಿ ಕಾಣಬೇಡ! 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೂ ಹುಡುಗರಿಗೆ ಬೆತ್ತದ ಏಟು ನಿಂತಿಲ್ಲ. ಬಲವುಳ್ಳವನು ಹೊಡೆಯಬಹುದು ಎಂಬುದನ್ನು ಮೈಮೇಲೆ ಕಲಿತ ಹುಡುಗನಿಗೆ ಅಹಿಂಸೆಯನ್ನು ಮಾತಿನಲ್ಲಿ ಕಲಿಸುವುದು ಬಹಳ ಕಷ್ಟ.

ತಂದೆ ತಾಯಂದಿರ ಮಾತು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಹೆಣ್ಣುಮಕ್ಕಳು ಪ್ರೌಢಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ ನೋಡಿಕೊಳ್ಳಲು ‘ಸಮತಾ’ ಎಂಬ ದೊಡ್ಡ ಪ್ರಯೋಗ ನಡೆದಿತ್ತು. ಕಾರ್ಯಕ್ರಮ ನಡೆದ ಮತ್ತು ನಡೆಯದ ಹಳ್ಳಿಗಳ ನಡುವೆ ಕೊನೆಗೆ ಒಟ್ಟಾರೆ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು ಸಂಶೋಧಕರು ಮುಚ್ಚಿಡದೆ ಪ್ರಕಟಿಸಿದರು. ಇದನ್ನು ಕೈಬಿಡುವುದಕ್ಕೆ ಕಾರಣವೆಂದು ನಾನು ಓದುವುದಿಲ್ಲ. ಬಡತನ, ವರದಕ್ಷಿಣೆ, ದೂರದ ಕಾಲೇಜು, ಬಸ್ಸಿಲ್ಲದ ದಾರಿ, ಓಣಿಯ ಮಾತು ಇವೆಲ್ಲ ತೀರ್ಮಾನಿಸುವ ಸಂಗತಿಯನ್ನು ಮಕ್ಕಳ ಮನಸ್ಸೊಂದೇ ತೀರ್ಮಾನಿಸಲಾರದು ಎಂದು ಓದುತ್ತೇನೆ. ಆದ್ದರಿಂದ ಪಾಲಕರ ಸಭೆಗೆ ತಾಯಂದಿರನ್ನಷ್ಟೇ ಕರೆಯುವ ರೂಢಿಯನ್ನು ಬಿಟ್ಟು, ತಂದೆಯರು ಬರುವಂತೆ ಸಂಜೆಯ ಹೊತ್ತನ್ನು ನಿಗದಿಪಡಿಸಲು ಶಾಲೆಗಳನ್ನು ಒತ್ತಾಯಿಸುತ್ತೇನೆ. ಬಂದ ತಂದೆಯರು ಕೆಲವರೇ, ಆದರೆ ಮಗಳು ಬರೆದ ದಿನಚರಿಯ ಹಾಳೆಯನ್ನು ಅವರು ಗಮನವಿಟ್ಟು ಓದುತ್ತಾರೆ.

ಹುಡುಗರಿಗೂ ಹುಡುಗಿಯರಿಗೂ ಇದನ್ನೆಲ್ಲ ಶಾಲೆಯಲ್ಲಿ ಕಲಿಸಲು ಹೊಸ ಯೋಜನೆಯೇನೂ ಬೇಕಾಗಿಲ್ಲ. 2005ರಲ್ಲಿ ಆರಂಭವಾದ ಹದಿಹರೆಯ ಶಿಕ್ಷಣ ಕಾರ್ಯಕ್ರಮ 2007ರ ಹೊತ್ತಿಗೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ವಿರೋಧದಿಂದ ನಿಂತುಹೋಗಿತ್ತು. ದೆಹಲಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲಿ ಶಾಲಾ ಶಿಕ್ಷಣದಿಂದಲೇ ದೃಷ್ಟಿಕೋನ ಬದಲಾಗಬೇಕೆಂದು ಒಂದು ಅಧ್ಯಾಯವನ್ನೇ ಬರೆಯಿತು. 2020ರಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಬಂದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದಲ್ಲಿ 11 ವಿಷಯಗಳಿವೆ. ಲಿಂಗ ಸಮಾನತೆ, ಹಿಂಸೆಯಿಂದ ರಕ್ಷಣೆ, ಅಂತರ್ಜಾಲದ ಸುರಕ್ಷಿತ ಬಳಕೆ ಅವುಗಳಲ್ಲಿ ಸೇರಿವೆ. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ, ಇದಕ್ಕೆ ರಾಯಭಾರಿಗಳಾಗಿ ತರಬೇತಿ ಪಡೆಯಬೇಕು. ಹತ್ತನೇ ತರಗತಿಯ ಫಲಿತಾಂಶದ ಒತ್ತಡದಲ್ಲಿ ಈ ವಿಷಯಗಳಿಗೆ ಮೀಸಲಾದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟುಬಿಡುವುದನ್ನು ನಾನು ಕಾಣುತ್ತಿದ್ದೇನೆ. ನಿಮ್ಮ ಮಗ ಅಥವಾ ಮಗಳು ಓದುವ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ದಯವಿಟ್ಟು ಕೇಳಿ: ಆ ಇಬ್ಬರು ಶಿಕ್ಷಕರು ಯಾರು, ವೇಳಾಪಟ್ಟಿಯಲ್ಲಿ ಅವರ ಅವಧಿ ಯಾವ ದಿನ ಬರುತ್ತದೆ, ಮತ್ತು ಆ ಅವಧಿಯಲ್ಲಿ ಹುಡುಗರು ಕೋಣೆಯೊಳಗೆ ಇರುತ್ತಾರೆಯೇ.